ಜಲಪಕ್ಷಿಗೆ ಒಣ ಹಾಸು

ಬಾತುಕೋಳಿಯು ಜಲಪಕ್ಷಿಯಾದುದರಿಂದ ಅದರ ಮರಿಗೆ ತೇವದಿಂದ ಯಾವ ಬಾಧೆಯೂ ಇಲ್ಲವೆಂಬ ಭಾವನೆ ನಮ್ಮ ಅನಗೋಳದಲ್ಲಿಯೂ ಖಾನಾಪುರದ ಕಡೆಯ ಹಳ್ಳಿಗಳಲ್ಲಿಯೂ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮಿರಗದ ಮಳೆ ಹಿಡಿದು ಗದ್ದೆಗಳಲ್ಲಿ ನೀರು ನಿಂತೊಡನೆ, ಬದಕಗಳಿಗೆ ಇದೇ ಸುಗ್ಗಿಯೆಂದು ಬಗೆದು ಜನರು ಒಂದು ದಿನದ ಮರಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬರುತ್ತಾರೆ. ಆರಿದ್ರಾ ಮುಗಿಯುವಷ್ಟರಲ್ಲಿ ಅವು ಒಂದೊಂದಾಗಿ ಮುದುಡಿ ಸಾಯತೊಡಗಿದಾಗ, ಯಾವುದೋ ಹೆಸರಿಲ್ಲದ ರೋಗ ತಗಲಿತೆಂದು ಹೇಳಿ ಸಮಾಧಾನಪಟ್ಟುಕೊಳ್ಳುತ್ತಾರೆ. ನಾನೂ ಒಮ್ಮೆ ಹನ್ನೆರಡು ಮರಿಗಳಲ್ಲಿ ಏಳನ್ನು ಹೀಗೆಯೇ ಕಳೆದುಕೊಂಡು, ಅದೇ ಸಮಾಧಾನವನ್ನು ಹೇಳಿಕೊಂಡವನು. ಅವುಗಳನ್ನು ಕೊಂದುದು ನಾನು ಹಾಸಿದ್ದ ಒದ್ದೆ ಹುಲ್ಲೆಂಬುದು ತಿಳಿಯಲು ನನಗೆ ಮತ್ತೊಂದು ಮಳೆಗಾಲ ಬೇಕಾಯಿತು.

ಬೆಳೆದ ಬಾತುಕೋಳಿಯ ಬೆನ್ನ ಮೇಲಿಂದ ನೀರು ಹನಿಹನಿಯಾಗಿ ಜಾರಿಹೋಗುವುದನ್ನು ಕಂಡವರು, ಮರಿಯ ಮೈಮೇಲಿರುವುದು ಗರಿಯಲ್ಲ, ಬರಿಯ ತುಪ್ಪುಳು ಎಂಬುದನ್ನು ಮರೆಯುತ್ತಾರೆ. ಬಾಲದ ಬುಡದ ಗ್ರಂಥಿಯಿಂದ ಒಸರುವ ಸ್ನಿಗ್ಧದ್ರವ್ಯವನ್ನು ತಾಯಿಯು ಕೊಕ್ಕಿನಿಂದ ತೆಗೆದು ತನ್ನ ಗರಿಗಳಿಗೆ ಸವರಿಕೊಳ್ಳುತ್ತದೆ. ಅದರ ಒಡಲಡಿಯಲ್ಲಿ ಹುದುಗುವ ಮರಿಗೆ ಶಾಖದೊಡನೆ ಆ ಎಣ್ಣೆಯ ಲೇಪವೂ ದೊರೆಯುತ್ತದೆ. ಆದರೆ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಸಾಕಣೆ ಕೇಂದ್ರದಿಂದ ನಾಡಿನಲ್ಲಿ ಹರಡಿದ ಖಾಕಿ ಕ್ಯಾಂಪ್‌ಬೆಲ್ ತಳಿಯು ವರ್ಷಕ್ಕೆ 300ರ ಸಮೀಪ ಮೊಟ್ಟೆಯಿಡುವಂತೆ ರೂಪುಗೊಂಡಾಗ, ಕಾವು ಕೂರುವ ಸ್ವಭಾವವನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಯಂತ್ರದಲ್ಲಿ 28 ದಿನ ಕಾವು ಪಡೆದು ಹೊರಬರುವ ಅದರ ಮರಿಗೆ ತಾಯಿಯೇ ಇಲ್ಲ. ನಾವು ಬೆಚ್ಚಗಿರಿಸುವ ಬ್ರೂಡರೇ ಅದರ ತಾಯಿ. ಮೊದಲ ವಾರ ಅಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಅದನ್ನು ಇಳಿಸುತ್ತ ಬರಬೇಕು. ತುಪ್ಪುಳು ನೆನೆದ ಮರಿಗಾದರೋ ದೀಪದ ಶಾಖವೆಲ್ಲ ಮೈಯ ನೀರನ್ನು ಆರಿಸುವುದರಲ್ಲಿಯೇ ವ್ಯಯವಾಗಿ, ಬಲ್ಬಿನ ಕೆಳಗೆ ನಿಂತೂ ಅದು ಚಳಿಯಿಂದ ನಡುಗುತ್ತದೆ.

ಹಾಗಿದ್ದರೆ ನೀರನ್ನೇ ಕಡಿಮೆಮಾಡೋಣವೆಂದು ಹೊರಟವರೂ ಉಂಟು, ಮತ್ತು ಅದು ಮೊದಲಿನದಕ್ಕಿಂತ ಕ್ರೂರವಾದ ತಪ್ಪು. ಬಾತುಮರಿಯು ಒಂದು ತುತ್ತು ತಿಂದು ಒಂದು ಗುಟುಕು ಕುಡಿಯುವ ಪ್ರಾಣಿ. ನೀರಿಲ್ಲದಿದ್ದರೆ ಹಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕೊಕ್ಕು ಮೂಗಿನ ಹೊಳ್ಳೆಗಳವರೆಗೆ ಮುಳುಗದಿದ್ದರೆ ಹೊಳ್ಳೆಗಳು ಕಟ್ಟಿ ಕಣ್ಣುಗಳು ಅಂಟಿಕೊಳ್ಳುತ್ತವೆ. ಆದುದರಿಂದ ಐದರಿಂದ ಏಳು ಸೆಂಟಿಮೀಟರು ಆಳದ ನೀರು ಹಗಲೆಲ್ಲ ಅದರ ಮುಂದಿರಲೇಬೇಕು. ಆ ನೀರನ್ನು ಅದು ಚೆಲ್ಲಿಯೇ ಚೆಲ್ಲುತ್ತದೆ. ಅದು ಅದರ ಜಾತಿಧರ್ಮ. ಚೆಲ್ಲಿದ ನೀರು ಎಲ್ಲಿ ಬೀಳಬೇಕೆಂಬುದನ್ನು ನಿರ್ಧರಿಸುವುದಷ್ಟೇ ಮನುಷ್ಯನ ಕೈಯಲ್ಲಿರುವ ಕೆಲಸ, ಮತ್ತು ಅದು ಅತ್ಯಂತ ಸುಲಭವಾದ ಕೆಲಸ. ಬ್ರೂಡರಿನ ಒಂದು ಕೊನೆಯಲ್ಲಿ, ನೆಲದ ಮೂರನೆಯ ಒಂದು ಪಾಲಿನಷ್ಟು ಜಾಗಕ್ಕೆ ಅರ್ಧ ಇಂಚಿನ ಕಣ್ಣುಗಳ ತಂತಿಯ ಜಾಲರಿಯನ್ನು ಚೌಕಟ್ಟಿಗೆ ಬಿಗಿದು, ಅದರ ಕೆಳಗೆ ಹೊರಗಡೆಗೆ ಇಳಿಜಾರಾದ ತಗಡೊಂದನ್ನು ಇರಿಸಿ, ನೀರಿನ ಪಾತ್ರೆಯನ್ನು ಆ ಜಾಲರಿಯ ನಡುವೆ ಇಟ್ಟರೆ, ಚೆಲ್ಲಿದುದು ಕೆಳಗಿಳಿದು ಹೊರಗೆ ಹರಿಯುತ್ತದೆ. ಮರಿಯು ಮಲಗುವ ಕಡೆಗೆ ನಡೆದು ಬರುವಷ್ಟರಲ್ಲಿ ಅದರ ಪಾದವೂ ಆರಿರುತ್ತದೆ. ಅನಗೋಳಕ್ಕೆ ಹೊಂದಿಕೊಂಡಿರುವ ಉದ್ಯಮಬಾಗದಲ್ಲಿ ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಬರಗಾಲವಿಲ್ಲ. ಇಂತಹ ಚೌಕಟ್ಟನ್ನು ಬೆಸೆದುಕೊಡುವುದು ಅವರಿಗೆ ಅರ್ಧ ದಿನದ ಮಾತು.

ಮಿಕ್ಕ ಭಾಗಕ್ಕೆ ಭತ್ತದ ಹೊಟ್ಟು ಎರಡು ಮೂರು ಇಂಚು ದಪ್ಪವಾಗಿರಲಿ. ಒಂದು ಹಿಡಿಯನ್ನು ಎತ್ತಿ ಅದುಮಿದರೆ ಅದು ಉದುರಬೇಕು, ಉಂಡೆಗಟ್ಟಬಾರದು. ನಿಂತು ನೋಡಿದವನಿಗೆ ವಾಸನೆ ತಿಳಿಯದು. ಮಂಡಿಯೂರಿ, ಮರಿಯ ತಲೆಯ ಎತ್ತರಕ್ಕೆ ಮೂಗನ್ನು ತಂದರೆ ಮಾತ್ರ, ಒದ್ದೆಯಾದ ಹಿಕ್ಕೆ ಕೊಳೆತು ಹೊರಡಿಸುವ ಅಮೋನಿಯಾದ ಘಾಟು ಕಣ್ಣನ್ನು ಚುಚ್ಚುತ್ತದೆ. ಆ ಗಾಳಿಯಲ್ಲಿಯೇ ಮರಿಯು ಹಗಲಿರುಳೂ ಉಸಿರಾಡುತ್ತಿರುತ್ತದೆ. ತೇವದ ಹುಲ್ಲಿನಲ್ಲಿ ಹುಟ್ಟುವ ಬೂಷ್ಟು ಶ್ವಾಸಕೋಶಕ್ಕಿಳಿದು ಬಾಯ್ತೆರೆದು ಏದುವಂತೆ ಮಾಡುತ್ತದೆ. ಮೇವಿಗೆ ಹಿಡಿಯುವ ಬೂಷ್ಟು ಅದಕ್ಕಿಂತ ಘೋರವಾದುದು: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತುವು, ಬಾತುಮರಿಗಳೂ ಸತ್ತುವು, ಅಫ್ಲಟಾಕ್ಸಿನ್ ಎಂಬ ವಿಷವು ಜಗತ್ತಿಗೆ ಗೊತ್ತಾದುದು ಆ ಸಾವುಗಳಿಂದಲೇ. ಎಳೆಯ ಬಾತುಮರಿಯ ಯಕೃತ್ತು ಅದಕ್ಕೆ ಎಷ್ಟು ಬೇಗ ಸೋಲುತ್ತದೆಂದರೆ, ಮುಂದೆ ವಿಜ್ಞಾನಿಗಳು ಆ ವಿಷದ ಪರೀಕ್ಷೆಗೆ ಅದನ್ನೇ ಬಳಸಿದರು. ಶೇಂಗಾ ಹಿಂಡಿ ಮನೆಮನೆಯಲ್ಲಿರುವ ನಮ್ಮ ಸೀಮೆಯಲ್ಲಿ, ಮಳೆಗಾಲದ ಮಬ್ಬಿನಲ್ಲಿ ಬಣ್ಣ ತಿರುಗಿದ ಹಿಂಡಿಯನ್ನು ‘ಬಾತಿಗೆ ಸಾಕು’ ಎಂದು ಹಾಕುವವರನ್ನು ಕಂಡಾಗ ನನ್ನ ಮನಸ್ಸು ಕುದಿಯುತ್ತದೆ.

ಇವೆಲ್ಲವನ್ನೂ ಮಾಡಿದರೂ, ಜಾಂಬೋಟಿ, ಕಣಕುಂಬಿಗಳ ಕಡೆ ಸುರಿಯುವಂತಹ ಮಳೆಯಲ್ಲಿ, ಗೋಡೆಯೇ ಬೆವರುವ ಆಷಾಢದಲ್ಲಿ, ವಿದ್ಯುತ್ತು ಹೋಗಿ ಬಲ್ಬು ಆರಿದ ರಾತ್ರಿಗಳಲ್ಲಿ ಹೊಟ್ಟನ್ನು ಒಣಗಿಡುವುದು ಕಷ್ಟವೇ. ಆದಕಾರಣ ನನ್ನ ಮುಖ್ಯವಾದ ಮನವಿ ಕಾಲವನ್ನು ಕುರಿತದ್ದು. ಮರಿಗಳನ್ನು ಮಿರಗದಲ್ಲಿ ತರಬೇಡಿ. ಅಕ್ಷಯ ತೃತೀಯೆಯ ಸುಮಾರಿಗೆ ತನ್ನಿ. ವೈಶಾಖದ ಬಿಸಿಲು ಅರ್ಧ ಬ್ರೂಡರಿನ ಕೆಲಸವನ್ನು ತಾನೇ ಮಾಡುತ್ತದೆ, ನೆನೆದ ಹೊಟ್ಟನ್ನು ಅಂಗಳದಲ್ಲಿ ಹರವಿದರೆ ಸಂಜೆಯೊಳಗೆ ಒಣಗುತ್ತದೆ. ಮಳೆ ಬರುವ ಹೊತ್ತಿಗೆ ಮರಿಗಳಿಗೆ ತಿಂಗಳು ತುಂಬಿ ಗರಿ ಮೂಡತೊಡಗಿರುತ್ತದೆ, ನಾಟಿ ಮಾಡಿದ ಸಸಿ ಬೇರು ಹಿಡಿಯುವ ಹೊತ್ತಿಗೆ ಅವು ಗದ್ದೆಗಿಳಿದು ಹುಳು, ಬಸವನಹುಳುಗಳನ್ನು ಆಯ್ದು ತಿನ್ನುವಷ್ಟು ಬಲಿತಿರುತ್ತವೆ. ಮರಿ ಮಾರುವವರೂ ಈ ಪಂಚಾಂಗವನ್ನು ಪಾಲಿಸಬೇಕು. ಗಿರಾಕಿ ಬಂದನೆಂದು ಆರಿದ್ರಾ ಮಳೆಯಲ್ಲಿ ಎರಡು ದಿನದ ಮರಿಯನ್ನು ಕೈಗಿಡುವುದನ್ನು ನಾನು ವ್ಯಾಪಾರವೆಂದು ಕರೆಯಲಾರೆ. ಪಶುಸಂಗೋಪನಾ ಇಲಾಖೆಯವರು ಚೈತ್ರದಲ್ಲಿಯೇ ಹಳ್ಳಿಗಳಿಗೆ ಬಂದು, ಭಾಷಣದ ಬದಲು ಒಂದು ಜಾಲರಿಯ ಚೌಕಟ್ಟನ್ನು ನಾಲ್ಕು ಜನರ ಕಣ್ಣೆದುರಿಗೆ ಕಟ್ಟಿ ತೋರಿಸಲಿ.

ಖಾನಾಪುರದ ಕುಂಬಾರರಲ್ಲಿಯೂ ನನ್ನದೊಂದು ಬೇಡಿಕೆಯಿದೆ. ಹೆಂಚಿಗೂ ಮಡಕೆಗೂ ಹೆಸರಾದ ಆ ಊರಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆ. ಮರಿಯ ತಲೆ ಹೋಗಿ ಮೈ ಹೋಗದಷ್ಟು ಕಂಡಿಗಳುಳ್ಳ ಮುಚ್ಚಳದ, ತಳ ಅಗಲವಾಗಿ ಉರುಳದ, ಒಂದು ಗೇಣು ಅಗಲದ ಮಣ್ಣಿನ ನೀರುಪಾತ್ರೆಯನ್ನು ಅವರು ಮಾಡಿ ಸಂತೆಗೆ ತಂದರೆ, ಬರುವ ವೈಶಾಖದಲ್ಲಿ ಮೊದಲ ಎರಡನ್ನು ಕೊಳ್ಳುವವನು ನಾನು.