ಗಂಟು ಬಿಡಿಸಿ ನೋಡಿ, ಮತ್ತೆ ಕತ್ತಿ ಎತ್ತಿ

ಅಂಗಳದ ಮರದಲ್ಲೋ ರಸ್ತೆ ಬದಿಯ ಸಾಲುಮರದಲ್ಲೋ ಗಂಟು, ಗುಳ್ಳೆ ಕಂಡರೆ ನಮ್ಮಲ್ಲಿ ಎರಡೇ ಮಾತು. 'ರೋಗ ಬಂತು, ಕಡಿದುಬಿಡಿ'. ಇಲ್ಲವಾದರೆ 'ಚಂದಕ್ಕೆ ನೆಟ್ಟದ್ದು ತಾನೇ, ಬಿಡಿ'. ಎರಡೂ ಅವಸರದ ತೀರ್ಪು. ಅದು ಏನೆಂದು ಗುರುತಿಸುವುದು ಮೊದಲ ಕೆಲಸ.

ಹಾಲುವಾಣವನ್ನೇ ತೆಗೆದುಕೊಳ್ಳಿ. ಉದ್ಯಾನದಲ್ಲಿ ಅದು ಅಲಂಕಾರದ ಮರ, ತೋಟದಲ್ಲಿ ಕಾಳುಮೆಣಸಿನ ಆಧಾರ. 2004ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಪುಟ್ಟ ಕಣಜವೊಂದು ಇದರ ಚಿಗುರಿನೊಳಗೆ ಮೊಟ್ಟೆ ಇಡುತ್ತದೆ. ಉದ್ದ ಬರೇ ಒಂದೂವರೆ ಮಿಲಿಮೀಟರ್. ಮರಿ ಒಳಗೆ ಬೆಳೆದಂತೆ ಎಲೆ, ತೊಟ್ಟು ಉಬ್ಬಿ ಮುರುಟುತ್ತವೆ. 2006ರ ಹೊತ್ತಿಗೆ ಕೇರಳದಲ್ಲಿ ಪತ್ತೆಯಾಯಿತು. ನಮ್ಮ ಕಡೆಗೂ ಬಂತು. ಆಧಾರವೇ ಸತ್ತರೆ ಬಳ್ಳಿಯ ಗತಿ ಏನು?

ಹವಾಯಿ ದ್ವೀಪಗಳಲ್ಲಿ ಈ ಕಣಜ ಕಂಡದ್ದು 2005ರಲ್ಲಿ. ಅಲಂಕಾರದ ಹಾಲುವಾಣದ ಜೊತೆಗೆ ಅಲ್ಲಿನ ಕಾಡಿನ ವಿಲಿವಿಲಿ ಮರಗಳೂ ಸೊರಗಿದವು. ಶತ್ರು ಯಾರೆಂದು ತಿಳಿದದ್ದರಿಂದಲೇ ಅದರ ವೈರಿಯನ್ನು ಹುಡುಕಲಿಕ್ಕೆ ಸಾಧ್ಯವಾಯಿತು. ಆಫ್ರಿಕಾದ ತಾಂಜಾನಿಯಾದಿಂದ ತಂದ ಪರಾವಲಂಬಿ ಕಣಜವನ್ನು 2008ರಲ್ಲಿ ಬಿಟ್ಟರು. ಮರಗಳು ಮತ್ತೆ ಚಿಗುರಿದವು.

ಹಾಗೆಂದು ಎಲ್ಲ ಗಂಟೂ ಮಾರಿಯಲ್ಲ. ಹೊಂಗೆ ಎಲೆಯ ಗುಳ್ಳೆ ತೆಂಗಿನಕಾಯಿ ನುಸಿಯ ಬಂಧುವಿನ ಕೆಲಸ. ಹಾಲೆ ಮರದ ಎಲೆಯ ಗಂಟು ಸಣ್ಣ ಹೀರುಕೀಟದ್ದು. ಎಲೆಯ ಅಂದ ಕೆಡುತ್ತದೆ, ಬೆಳೆದ ಮರ ಸಾಮಾನ್ಯವಾಗಿ ಸಾಯುವುದಿಲ್ಲ. ತೊಗಟೆಯ ಮೇಲಿನ ಕಲ್ಲುಹೂ, ಸೀತಾಳೆ ಮರದ ರಸ ಹೀರುವುದಿಲ್ಲ. ಅವನ್ನು ಕೆರೆದು ತೆಗೆಯುವುದು ದಂಡ. ಆದರೆ ಬಂದಳಿಕೆ ಬೇರನ್ನು ಕೊಂಬೆಯೊಳಗೇ ಇಳಿಸುತ್ತದೆ. ಅದು ಅಂಟಿದ ಜಾಗಕ್ಕಿಂತ ಕೆಳಗೆ, ಕೊಂಬೆ ಸಮೇತ ಕಡಿಯಬೇಕು. ಬುಡದಲ್ಲಿ ಗಟ್ಟಿ ಅಣಬೆ ಕಂಡರೆ ಒಳಗೆ ಕೊಳೆ ಹತ್ತಿದೆಯೋ ಎಂದು ಸಂಶಯಪಡಿ. ಅಂಥ ಮರ ಗಾಳಿಗೆ ಮನೆಯ ಮೇಲೆ ಬಿದ್ದೀತು.

ಗುರುತಿಸಲಿಕ್ಕೆ ಒಂದು ಬ್ಲೇಡು, ಒಂದು ಭೂತಗನ್ನಡಿ ಸಾಕು. ಗಂಟನ್ನು ಕೊಯ್ದು ನೋಡಿ. ಮರಿ ಇದೆಯೇ? ಹೊರಗೆ ಸೂಜಿ ಚುಚ್ಚಿದಂಥ ತೂತು ಇದ್ದರೆ ಕಣಜ ಹಾರಿ ಹೋಗಿದೆ. ಮರಿ ಒಳಗಿರುವಾಗ ಎಲೆಯ ಮೇಲೆ ಹೊಡೆದ ಮದ್ದು ಅದಕ್ಕೆ ಮುಟ್ಟುವುದು ಕಷ್ಟ. ಖರ್ಚು ಮಾತ್ರ ನಮ್ಮದು. ಗಂಟಾದ ಚಿಗುರನ್ನು ಕೊಯ್ದು ಸುಡುವುದು, ಅಂಥ ಮರದ ಗೂಟವನ್ನು ಬೇರೆ ತೋಟಕ್ಕೆ ಒಯ್ಯದಿರುವುದು – ಇಷ್ಟನ್ನಾದರೂ ನಾವೇ ಮಾಡಬಹುದು. ಅಂಗಳದ ಹಾಲುವಾಣದಲ್ಲಿ ಗಂಟು ಕಂಡ ದಿನವೇ ತೋಟದ ಹಾಲುವಾಣವನ್ನೂ ಒಮ್ಮೆ ನೋಡಿ ಬನ್ನಿ.