ಹಬ್ಬದ ಉಡುಗೊರೆ ಕಬ್ಬಿನ ಹೊಲಕ್ಕೂ ಹೋಗಲಿ



ದಸರೆ, ದೀಪಾವಳಿ ಹತ್ತಿರ ಬಂದಂತೆ ನಮ್ಮ ಶಾಲೆಗೆ ಫೋನುಗಳು ಶುರುವಾಗುತ್ತವೆ. "ಗುರುಗಳೇ, ಹಬ್ಬಕ್ಕೆ ಮಕ್ಕಳಿಗೆ ಏನಾರ ಕೊಡಬೇಕಂತ ಮಾಡೀವ್ರಿ, ಏನು ಕೊಡೂಣು?" ಎಂದು ಕೇಳುವವರು ಬೇರೆ ಯಾರೂ ಅಲ್ಲ, ಇದೇ ಶಾಲೆಯಲ್ಲಿ ಪಾಟಿ ಹಿಡಿದು ಕಲಿತು ಈಗ ಸಾಂಗಲಿ, ಪುಣೆ, ವಿಜಯಪುರ, ಬೆಂಗಳೂರಿನಲ್ಲಿ ನೌಕರಿ ಮಾಡುವವರು. ದೊಡ್ಡ ಶ್ರೀಮಂತರಲ್ಲ. ಐದುನೂರೋ ಸಾವಿರವೋ ತೆಗೆದಿಡಬಲ್ಲವರು. ಇಷ್ಟು ವರ್ಷ ಸಂಕೋಚದಿಂದ "ನಿಮ್ಮ ಮನಸ್ಸಿಗೆ ಬಂದದ್ದು ಕೊಡ್ರಿ" ಎನ್ನುತ್ತಿದ್ದೆವು. ಅದು ನಮ್ಮ ತಪ್ಪು. ಈ ಸಲ ನೇರವಾಗಿ ಹೇಳಿಬಿಡುತ್ತೇವೆ.

ನಮ್ಮದು ಜತ್ತ ತಾಲೂಕು. ಮಳೆ ಕಡಿಮೆ, ಸ್ವಂತ ಹೊಲದಲ್ಲಿ ವರ್ಷವಿಡೀ ದುಡಿಮೆ ಇಲ್ಲ. ಆದ್ದರಿಂದ ದಸರೆಯಿಂದ ದೀಪಾವಳಿಯ ನಡುವೆ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಕಬ್ಬು ಕಡಿಯಲು ಹೊರಡುತ್ತವೆ. ಮುಕಾದಮನಿಂದ ಮುಂಗಡ ಹಣ ಮೊದಲೇ ಬಂದು ಖರ್ಚೂ ಆಗಿರುತ್ತದೆ. ಅದನ್ನು ತೀರಿಸಲು ಗಂಡ-ಹೆಂಡತಿ ಇಬ್ಬರೂ ಹೋಗಲೇಬೇಕು. ಮನೆಯಲ್ಲಿ ನೋಡಿಕೊಳ್ಳಲು ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಅದೂ ಟ್ರ್ಯಾಕ್ಟರ್ ಹತ್ತುತ್ತದೆ. ಕಾರ್ಖಾನೆಯ ಹಂಗಾಮು ಮುಗಿದು ಊರಿಗೆ ಮರಳುವಾಗ ಮಾರ್ಚ್, ಕೆಲವೊಮ್ಮೆ ಏಪ್ರಿಲ್. ಅಷ್ಟರಲ್ಲಿ ಎರಡನೇ ಇಯತ್ತೆಯ ಮಗುವಿಗೆ ಒತ್ತಕ್ಷರ ಮರೆತಿರುತ್ತದೆ, ಕೆಲವರಿಗೆ ಕಾಗುಣಿತವೂ. ಹೋದಲ್ಲಿ ಹತ್ತಿರ ಶಾಲೆ ಇದ್ದರೂ ಅದು ಮರಾಠಿ ಶಾಲೆ. ಮರಾಠಿಯನ್ನು ನಮ್ಮ ಮಕ್ಕಳು ಮಾತಿನಲ್ಲಿ ಬಲ್ಲರು, ಮಾತಿಗೆ ನಾವು ಹೆದರುವುದಿಲ್ಲ. ಆದರೆ ಈಗಷ್ಟೇ ಕೂಡಿಸಿ ಓದಲು ಕಲಿತ ಕನ್ನಡವನ್ನು ಆರು ತಿಂಗಳು ಮುಟ್ಟದೇ ಇದ್ದರೆ ಅದು ಉಳಿದೀತೇ?

ಈಗ ಉಡುಗೊರೆಯ ಮಾತಿಗೆ ಬರೋಣ. ಸಾಮಾನ್ಯವಾಗಿ ನಡೆಯುವುದು ಹೀಗೆ: ದೀಪಾವಳಿ ರಜೆಗೆ ಶಾಲೆ ಬಿಡುವ ಹಿಂದಿನ ದಿನ ಒಂದು ಗಾಡಿ ಬರುತ್ತದೆ. ಫರಾಳದ ಡಬ್ಬಿ, ಅದರಲ್ಲಿ ಚಕ್ಕುಲಿ, ಶಂಕರಪಾಳಿ, ಒಂದು ಲಾಡು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಡಬ್ಬಿಯನ್ನು ಎದೆಗೆ ಹಿಡಿಸಿ ಫೋಟೋ. ಸಂಜೆಗೆ ಡಬ್ಬಿ ಖಾಲಿ. ಸಿಹಿ ಕೊಡಬೇಡಿ ಎನ್ನುವಷ್ಟು ಕಟುಕರು ನಾವಲ್ಲ. ಮಕ್ಕಳ ಮುಖ ಅರಳುವುದನ್ನು ನಾವೂ ನೋಡಿದ್ದೇವೆ. ಆದರೆ ಅಷ್ಟು ಹೊತ್ತಿಗೆ ಯಾರಿಗೆ ಹೆಚ್ಚು ಬೇಕಿತ್ತೋ ಆ ಮಕ್ಕಳಲ್ಲಿ ಅರ್ಧ ಜನ ಊರು ಬಿಟ್ಟಾಗಿರುತ್ತದೆ! ಹಾಜರಿ ಪುಸ್ತಕದಲ್ಲಿ ಹೆಸರಿದೆ, ಫೋಟೋದಲ್ಲಿ ಮುಖವಿಲ್ಲ.

ಆದ್ದರಿಂದ ನಮ್ಮ ಮೊದಲನೆಯ ಕೋರಿಕೆ ದಿನದ ಬಗ್ಗೆ. ಕೊಡುವುದಿದ್ದರೆ ದಸರೆಯೊಳಗೆ ಕೊಡಿ. ಬನ್ನಿ ಎಲೆಯನ್ನೇ ಬಂಗಾರವೆಂದು ಕೈಯಿಂದ ಕೈಗೆ ಕೊಟ್ಟು ನಮಸ್ಕರಿಸುವ ಹಬ್ಬ ಅದು. ಅಗ್ಗದ ಉಡುಗೊರೆಗೆ ನಾಚಬೇಕಾಗಿಲ್ಲ.

ಎರಡನೆಯದು, ಗಂಟಿನಲ್ಲಿ ಹೋಗುವಂಥದ್ದು ಕೊಡಿ. ಪಠ್ಯಪುಸ್ತಕಕ್ಕೆ ತೊಂದರೆಯಿಲ್ಲ. ಪುಣೆಯ ಬಾಲಭಾರತಿ ಅಚ್ಚು ಹಾಕಿಸುವ ಕನ್ನಡ ಪುಸ್ತಕಗಳು ಎಂಟನೆಯವರೆಗೆ ಪುಕ್ಕಟೆ ಸಿಗುತ್ತವೆ. ಇಲ್ಲದಿರುವುದು ಕಥೆಪುಸ್ತಕ. ತೆಳುವಾದ, ದೊಡ್ಡ ಅಕ್ಷರದ, ಚಿತ್ರವಿರುವ ಪುಸ್ತಕ. ನ್ಯಾಶನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಇವರೆಲ್ಲ ಮಕ್ಕಳಿಗಾಗಿ ಇಂಥವು ತಂದಿದ್ದಾರೆ. ಒಂದು ಪೆಟ್ಟಿಗೆ ಪಟಾಕಿಯ ದುಡ್ಡಿನಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಂದೊಂದು ಬಂದಾವು. ಅದೂ ಆಗದಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆದಿದ್ದಾರೆ. ಅಲ್ಲಿನ ಕನ್ನಡ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದು. ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರತಿ ತೆಗೆಸಿ, ಎರಡು ಪಿನ್ನು ಹೊಡೆದು ಕಳಿಸಿದರೂ ಸಂತೋಷ. ಬಣ್ಣ ಮಕ್ಕಳೇ ಹಚ್ಚುತ್ತಾರೆ.

ಎರಡು ವರ್ಷದ ಹಿಂದೆ ಮೂರನೇ ಇಯತ್ತೆಯ ಒಬ್ಬ ಹುಡುಗನ ಗಂಟಿನಲ್ಲಿ ಹೀಗೆ ಒಂದು ಪುಸ್ತಕ ಹಾಕಿದ್ದೆವು. ಯುಗಾದಿಗೆ ಮರಳಿ ಬಂದ. ಪುಸ್ತಕದ ಹೊದಿಕೆ ಹರಿದಿತ್ತು, ಹಾಳೆಗಳಿಗೆ ಒಲೆಯ ಹೊಗೆ ಹಿಡಿದಿತ್ತು. "ಓದಿದೇನೋ?" ಎಂದರೆ ಪುಸ್ತಕ ತೆರೆಯದೆಯೇ ಪೂರ್ತಿ ಹೇಳಿದ. ಬಾಯಿಪಾಠ ಮಾಡಿದ್ದಾನೆಂದು ನಾವು ನಡುವಿನ ಪುಟ ತೆಗೆದು ಬೆರಳಿಟ್ಟು ಓದಿಸಿದೆವು. ತಡವರಿಸುತ್ತ ಓದಿದ, ಒತ್ತಕ್ಷರ ಸಹಿತ. ಪಕ್ಕದ ಗುಡಿಸಲಲ್ಲಿ ಬೀಡ ಕಡೆಯ ಮಕ್ಕಳಿದ್ದರಂತೆ, ಅವರಿಗೆ ಕನ್ನಡ ಬಾರದು. "ಅವ್ರಿಗೆ ಮರಾಠ್ಯಾಗ ಹೇಳ್ತಿದ್ನ್ರಿ ಗುರುಗಳ, ದಿನಾ ಅದನ್ನ ಕೇಳ್ತಿದ್ರು" ಎಂದ. ಅಂದಿನಿಂದ ಕಥೆಪುಸ್ತಕದ ವಿಷಯದಲ್ಲಿ ನಾವು ಹಟಮಾರಿಗಳಾಗಿದ್ದೇವೆ.

ದೂರದಿಂದ ಕಳಿಸುವವರಿಗೆ ಒಂದು ಮಾಹಿತಿ. ನೋಂದಾಯಿತ ಪುಸ್ತಕಗಳ ಹಳೆಯ ಅಗ್ಗದ ಅಂಚೆ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ನಮಗೆ ಚಿಂತೆಯಾಗಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆ 'ಜ್ಞಾನ ಪೋಸ್ಟ್' ಎಂಬ ಸೇವೆ ಆರಂಭಿಸಿತು. ಆರಂಭದ ದರ 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋದವರೆಗೆ 100 ರೂಪಾಯಿ, ತೆರಿಗೆ ಬೇರೆ. ಐದು ಕಿಲೋ ಎಂದರೆ ತೆಳು ಪುಸ್ತಕಗಳ ಒಂದು ದೊಡ್ಡ ಕಟ್ಟೇ ಆಯಿತು. ರಸ್ತೆ, ರೈಲಿನ ಮೂಲಕ ಬರುತ್ತದೆ, ಆದ್ದರಿಂದ ಎರಡು ವಾರ ಮುಂಚೆ ಹಾಕಿ.

ಪುಸ್ತಕದ ಜೊತೆ ಒಂದು ಪಾಟಿ, ನಾಲ್ಕು ಬಳಪ. ಈ ಕಾಲದಲ್ಲಿ ಪಾಟಿಯೇ ಎಂದು ನಗಬೇಡಿ. ಗುಡಿಸಲಲ್ಲಿ ಇಬ್ಬನಿಗೆ ವಹಿಯ ಹಾಳೆ ಮೆತ್ತಗಾಗುತ್ತದೆ, ಒಂದೇ ತಿಂಗಳಲ್ಲಿ ಮುಗಿದೂ ಹೋಗುತ್ತದೆ. ಪಾಟಿ ಹಂಗಾಮು ಪೂರ್ತಿ ಬಾಳುತ್ತದೆ. ಪುಸ್ತಕ ಇಡಲು ಗಟ್ಟಿ ಪ್ಲಾಸ್ಟಿಕ್ ಚೀಲ. ಬಿಸಿಲಿನಲ್ಲಿ ಚಾರ್ಜ್ ಆಗುವ ಸಣ್ಣ ದೀಪ ಸಿಕ್ಕರೆ ಅದಕ್ಕಿಂತ ಒಳ್ಳೆಯ ದೀಪಾವಳಿ ಉಡುಗೊರೆ ಯಾವುದಿದೆ? ನಾಲ್ಕು ಜನ ಕೂಡಿ ಒಂದು ಕೊಡಿ.

ಕಾಲಿಗೆ ಗಟ್ಟಿ ಚಪ್ಪಲಿ. ಕಡಿದ ಕಬ್ಬಿನ ಕೂಳೆ ಚುಚ್ಚಿದ ಗಾಯ ನೋಡಿದವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಳತೆ ನಮ್ಮನ್ನು ಕೇಳಿ. ಡಿಸೆಂಬರಿನ ಥಂಡಿಗೆ ಸೋಲಾಪುರದ ಚಾದರ. ಹಳೆಯ ಬಟ್ಟೆಯೂ ನಡೆಯುತ್ತದೆ, ಆದರೆ ಒಗೆದು, ಗುಂಡಿ ಹಚ್ಚಿ ಕೊಡಿ. ನಿಮ್ಮ ಮಗುವಿಗೆ ತೊಡಿಸಲು ಮನಸ್ಸಾಗದ್ದನ್ನು ಇನ್ನೊಬ್ಬರ ಮಗುವಿಗೆ ತೊಡಿಸಬಾರದು. ಒಮ್ಮೆ ಒಂದು ಕಟ್ಟು ಬಿಚ್ಚಿ, ಮಕ್ಕಳು ನೋಡುವ ಮೊದಲೇ ಮುಚ್ಚಿಟ್ಟಿದ್ದೇವೆ.

ಕೆಲವರು ದೊಡ್ಡ ದೊಡ್ಡ ದಪ್ತರ ಕೊಡುತ್ತಾರೆ, ಮೇಲೆ ತಮ್ಮ ಹೆಸರು ಬರೆಸಿ. ಟ್ರ್ಯಾಕ್ಟರಿನಲ್ಲಿ ಅವುಗಳ ತುಂಬ ಜೋಳದ ಹಿಟ್ಟು, ಖಾರಪುಡಿ ಹೋಗುವುದನ್ನು ನೋಡಿದ್ದೇವೆ. ನಮಗೆ ಬೇಸರವಿಲ್ಲ, ಅದೂ ಉಪಯೋಗವೇ.

ಫೋಟೋ ಮಾತ್ರ ಬೇಡ. ಕೊಟ್ಟ ವಸ್ತುವಿನ ಲೆಕ್ಕವನ್ನು ಶಾಲಾ ವ್ಯವಸ್ಥಾಪನ ಸಮಿತಿಯ ಎದುರು ವಹಿಯಲ್ಲಿ ಬರೆದು, ಬೇಕಾದರೆ ಅದರ ಪ್ರತಿ ಕಳಿಸುತ್ತೇವೆ. ಕೊಡುವುದೂ ತರಗತಿಯಲ್ಲಿ ಹೆಸರು ಕರೆದು ಅಲ್ಲ, ಹೊರಡುವ ಹಿಂದಿನ ಸಂಜೆ ಮನೆಗೆ ಹೋಗಿ. ಆಗ ಅವ್ವ-ಅಪ್ಪನ ಜೊತೆ ಎರಡು ಮಾತೂ ಆಗುತ್ತವೆ. ಒಮ್ಮೊಮ್ಮೆ ಆ ಎರಡು ಮಾತಿನಲ್ಲೇ ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗಲು ಅವರು ಒಪ್ಪಿದ್ದಾರೆ.

ಸಂಕ್ರಮಣದ ಬಗ್ಗೆಯೂ ಒಂದು ಮಾತು, ಅಕ್ಕಂದಿರಿಗೆ, ತಾಯಂದಿರಿಗೆ. ನಮ್ಮ ಕಡೆ ಅರಿಷಿಣ-ಕುಂಕುಮಕ್ಕೆ ಕರೆದು ವಾಣ ಕೊಡುವ ಪದ್ಧತಿ ಇದೆಯಲ್ಲ. ಪ್ಲಾಸ್ಟಿಕ್ ಡಬ್ಬಿ, ಬಾಚಣಿಗೆ, ಸಣ್ಣ ಬಟ್ಟಲು ಎಲ್ಲರ ಮನೆಯಲ್ಲೂ ರಾಶಿ ಬಿದ್ದಿವೆ. ಅಷ್ಟೇ ದುಡ್ಡಿನಲ್ಲಿ ಒಂದು ಸಣ್ಣ ಕನ್ನಡ ಪುಸ್ತಕ ವಾಣವಾಗಿ ಕೊಟ್ಟರೆ ಎಳ್ಳು-ಬೆಲ್ಲ ಬೇಸರ ಮಾಡಿಕೊಂಡೀತೇ? ಓದಿದ ಮೇಲೆ ಶಾಲೆಗೆ ತಂದುಕೊಡಿ.

ಇನ್ನು ಏನೂ ಖರ್ಚಿಲ್ಲದ ಉಡುಗೊರೆ ನಮ್ಮ ಮಕ್ಕಳೇ ಕಂಡುಹಿಡಿದದ್ದು. ಊರಲ್ಲಿ ಉಳಿದವರು ಹೋದವರಿಗೆ ಚೀಟಿ ಬರೆಯುತ್ತಾರೆ: ಆಡು ಮರಿ ಹಾಕಿತು, ಗಣಿತದಲ್ಲಿ ಇಷ್ಟು ಪಾಠ ಆಯಿತು, ನಿನ್ನ ಜಾಗದಲ್ಲಿ ಯಾರನ್ನೂ ಕೂಡಿಸಿಲ್ಲ. ಊರಿಗೆ ಬಂದು ಹೋಗುವವರ ಕೈಯಲ್ಲಿ ಕಳಿಸುತ್ತೇವೆ. ಕೆಲವಕ್ಕೆ ಉತ್ತರ ಬಂದಿದೆ, ಅಕ್ಷರ ಸೊಟ್ಟಗಿದ್ದರೂ ಕನ್ನಡದಲ್ಲೇ.

ಘಟಸ್ಥಾಪನೆಗೆ ಒಂದು ವಾರ ಮೊದಲು ನಾವು ಮನೆಮನೆ ತಿರುಗಿ ಹೊರಡುವ ಮಕ್ಕಳ ಪಟ್ಟಿ ಮಾಡುತ್ತೇವೆ. ಇಯತ್ತೆ, ಕಾಲಿನ ಅಳತೆ, ಎಷ್ಟರ ಮಟ್ಟಿಗೆ ಓದಲು ಬರುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ಶಾಲೆಯೇ ಆಗಬೇಕೆಂದಿಲ್ಲ, ನಿಮ್ಮೂರಿನ ಕನ್ನಡ ಶಾಲೆಯ ಗುರುಗಳ ಹತ್ತಿರವೂ ಇಂಥ ಪಟ್ಟಿ ಇರುತ್ತದೆ. ಫೋನು ಮಾಡಿ, "ಏನು ಕೊಡೂಣು" ಎಂಬುದರ ಬದಲು "ಯಾರ್‍ಯಾರು ಹೊಂಟಾರ?" ಎಂದು ಕೇಳಿ.