ಲೈವ್ ಹೋಗುವವರಿಗೆ ಯಾವ ವೀಸಾ?

2023ರ ದೀಪಾವಳಿಯ ಹೊತ್ತಿನಲ್ಲಿ, ಪುಣೆಗೆ ಅಂಟಿಕೊಂಡೇ ಇರುವ ಪಿಂಪ್ರಿ-ಚಿಂಚವಡದ ಬೀದಿಯಲ್ಲಿ ವ್ಲಾಗ್ ಮಾಡುತ್ತಿದ್ದ ದಕ್ಷಿಣ ಕೊರಿಯಾದ ಯುವತಿಯ ಕೊರಳಿಗೆ ಅಪರಿಚಿತನೊಬ್ಬ ಕೈ ಹಾಕಿದ. ಆಕೆ ಹೇಗೋ ನುಣುಚಿಕೊಂಡು ಮುಂದೆ ಹೋದಳು. ವಿಡಿಯೊ ಹರಿದಾಡಿ, ಜನ ಛೀಮಾರಿ ಹಾಕಿದ ಮೇಲೆ, ಡಿಸೆಂಬರ್‌ನಲ್ಲಿ ಪೊಲೀಸರು ಆತನನ್ನು ಬಂಧಿಸಿದರು. ಅದಕ್ಕೆ ಒಂದು ವರ್ಷ ಮೊದಲು ಮುಂಬೈನ ಖಾರ್‌ನಲ್ಲಿ ಇನ್ನೊಬ್ಬ ಕೊರಿಯನ್ ಯುವತಿಯನ್ನು ಇಬ್ಬರು ಲೈವ್‌ನಲ್ಲೇ ಕಾಡಿದ್ದರು. ಆಗ ನೆರವಿಗೆ ಓಡಿಬಂದಿದ್ದು ಅದೇ ಲೈವ್ ನೋಡುತ್ತಿದ್ದ ಪ್ರೇಕ್ಷಕ. ಬೆಂಗಳೂರಿನ ಚಿಕ್ಕಪೇಟೆಯ ಬಜಾರಿನಲ್ಲಿ ಡಚ್ ಯೂಟ್ಯೂಬರ್ ಒಬ್ಬರ ಕೈ ಹಿಡಿದೆಳೆದವನು ಸಿಕ್ಕಿಬಿದ್ದದ್ದು ಕೂಡ, 2023ರ ಜೂನ್‌ನಲ್ಲಿ ವಿಡಿಯೊ ಸುದ್ದಿಯಾದ ಮೇಲೆಯೇ. ಮೂರರಲ್ಲೂ ಪೊಲೀಸರನ್ನು ಎಬ್ಬಿಸಿದ್ದು ವಿಡಿಯೊ. ವಿದೇಶಿ ಲೈವ್‌ಸ್ಟ್ರೀಮರ್ ಒಬ್ಬರು ತಾವಾಗಿ ಠಾಣೆಯ ಮೆಟ್ಟಿಲು ಹತ್ತದಿರಲು ಭಾಷೆ, ವಾಪಸ್ ಟಿಕೆಟ್ಟಿನ ತಾರೀಖು, ಬೇಸರ ಎಂದು ಕಾರಣ ಹತ್ತಿರಬಹುದು. ನಾವು ಲೆಕ್ಕಕ್ಕೇ ಹಿಡಿಯದ ಕಾರಣ ಇನ್ನೊಂದಿದೆ. ಠಾಣೆಯಲ್ಲಿ ಮೊದಲು ಕೇಳುವುದು ಪಾಸ್‌ಪೋರ್ಟ್, ಆಮೇಲೆ ವೀಸಾ, ಆಮೇಲೆ ‘ಇಲ್ಲಿ ನಿಮಗೇನು ಕೆಲಸ?’ ಈ ಕೊನೆಯ ಪ್ರಶ್ನೆಗೆ ನಿಜ ಹೇಳಿದರೆ ದೂರು ಕೊಡಲು ಹೋದವರೇ ತಪ್ಪಿತಸ್ಥರಾಗಬಹುದು.

ಯಾಕೆಂದರೆ ನಮ್ಮ ವೀಸಾ ಪಟ್ಟಿಯಲ್ಲಿ ಈ ಕಸುಬಿಗೆ ಹೆಸರೇ ಇಲ್ಲ. ಇ-ಟೂರಿಸ್ಟ್ ವೀಸಾ ಇರುವುದು ಊರು ನೋಡಲು, ನೆಂಟರಿಷ್ಟರನ್ನು ಕಾಣಲು, ಒಂದಷ್ಟು ದಿನ ಯೋಗ ಕಲಿಯಲು. ಪತ್ರಕರ್ತರದು ಬೇರೆ, ಸಿನಿಮಾದವರದು ಬೇರೆ, ವ್ಯವಹಾರಕ್ಕೆ ಬರುವವರದು ಮತ್ತೂ ಬೇರೆ. ಪುಣೆಯ ತುಳಸಿಬಾಗಿನ ಗದ್ದಲದಲ್ಲಿ ಮಿಸಳ್ ತಿನ್ನುತ್ತ, ಮೊಬೈಲನ್ನು ತೋಳುದ್ದ ಚಾಚಿ, ಸೋಲ್‌ನಿಂದ ಬಂದ ಸೂಪರ್‌ಚಾಟ್ ಕಾಸಿಗೆ ಥ್ಯಾಂಕ್ಸ್ ಹೇಳುವವರು ಇವರಲ್ಲಿ ಯಾರು? ಉತ್ತರ ಅಂದಂದು ಎದುರಿಗೆ ಕೂತ ಅಧಿಕಾರಿಯ ಮರ್ಜಿ. ನ್ಯೂಜಿಲೆಂಡ್‌ನ ಯೂಟ್ಯೂಬರ್ ಕಾರ್ಲ್ ರಾಕ್ ಪ್ರಕರಣ ನೆನಪಿಸಿಕೊಳ್ಳಿ. 2020ರ ಅಕ್ಟೋಬರ್‌ನಲ್ಲಿ ಭಾರತದಿಂದ ಹೊರಟವರಿಗೆ ಮರಳಿ ಬರುವ ದಾರಿ ಮುಚ್ಚಿತು. ಅವರ ಹೆಂಡತಿ ಭಾರತೀಯಳು. ಆಕೆ 2021ರ ಜುಲೈನಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ಪ್ರವಾಸಿ ವೀಸಾದಲ್ಲಿ ವ್ಯವಹಾರ ನಡೆಸಿದ್ದೂ ಸೇರಿ ವೀಸಾ ಷರತ್ತುಗಳ ಉಲ್ಲಂಘನೆಯಾಗಿದೆ ಎಂಬುದು ಸರ್ಕಾರದ ವಾದ. ಆ ವಾದ ಸರಿಯೇ ಇರಬಹುದು. ಆದರೆ ಎಲ್ಲಿಗೆ ಪ್ರವಾಸ ಮುಗಿದು ಎಲ್ಲಿಂದ ವ್ಯವಹಾರ ಶುರುವಾಯಿತು ಎಂಬ ಗೆರೆ ಮೊದಲೇ ಕಾಣುವಂತಿರಲಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 1946ರದೂ ಸೇರಿ ನಾಲ್ಕು ಹಳೆಯ ಕಾನೂನುಗಳನ್ನು ಒರೆಸಿಹಾಕಿದೆ. ವೀಸಾ ಷರತ್ತು ಮೀರಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ದಂಡಕ್ಕೆ ಅಂಕಿ ಸಿಕ್ಕಿತು, ಗೆರೆ ಇನ್ನೂ ಸಿಕ್ಕಿಲ್ಲ.

ಇದು ವಿದೇಶಿಯರ ತಲೆನೋವು, ನಮಗೇನು ಎನ್ನುವಂತಿಲ್ಲ. ‘ನಮಸ್ಕಾರ ದೇವ್ರು’ ಎನ್ನುತ್ತ ಅಫ್ಗಾನಿಸ್ತಾನದ ಸಂತೆಯನ್ನೂ ಕನ್ನಡಿಗರ ಅಂಗೈಗೆ ತಂದ ಯೂಟ್ಯೂಬರ್ ಡಾ. ಬ್ರೋ ಮಾದರಿಯನ್ನು ಕಂಡು ಹೊರಟ ಹುಡುಗ ಹುಡುಗಿಯರು ಬೆಂಗಳೂರಲ್ಲೂ ಇದ್ದಾರೆ, ಪುಣೆಯಲ್ಲೂ ಇದ್ದಾರೆ. ಅವರು ತುಂಬುವ ಷೆಂಗೆನ್ ಅರ್ಜಿಯನ್ನೇ ನೋಡಿ. ಪ್ರಯಾಣದ ಉದ್ದೇಶ ಎಂಬಲ್ಲಿ ಪ್ರವಾಸ, ವ್ಯವಹಾರ, ಬಂಧುಗಳ ಭೇಟಿ, ಸಂಸ್ಕೃತಿ, ಕ್ರೀಡೆ, ಚಿಕಿತ್ಸೆ ಎಂದು ಸಾಲು ಚೌಕಗಳು, ಕೊನೆಯಲ್ಲಿ ‘ಇತರೆ’. ಕೆಳಗೆ ಉದ್ಯೋಗದಾತರ ಹೆಸರು, ವಿಳಾಸ, ಫೋನ್ ನಂಬರ್. ಜತೆಗೆ ಸಂಬಳದ ಚೀಟಿ, ಕಚೇರಿಯಿಂದ ರಜೆಯ ಪತ್ರ. ತಿಂಗಳ ಕೊನೆಯ ವಾರ ಗೂಗಲ್‌ನಿಂದ ಡಾಲರ್ ಲೆಕ್ಕದಲ್ಲಿ ಹಣ ಬೀಳುವ, ಈ ತಿಂಗಳು ಬಿದ್ದಷ್ಟು ಮುಂದಿನ ತಿಂಗಳು ಬೀಳದ ಬ್ಯಾಂಕ್ ಪುಸ್ತಕ ಹಿಡಿದವರು ರಜೆ ಪತ್ರವನ್ನು ಯಾರಿಂದ ತರಬೇಕು? 2024ರಲ್ಲಿ ಭಾರತದಿಂದ ಸುಮಾರು 11 ಲಕ್ಷ ಷೆಂಗೆನ್ ಅರ್ಜಿಗಳು ಹೋಗಿ, 1.65 ಲಕ್ಷದಷ್ಟು ತಿರಸ್ಕೃತವಾದವು. 90 ಯೂರೊ ಶುಲ್ಕ ಯಾರಿಗೂ ವಾಪಸ್ ಬರುವುದಿಲ್ಲ. ಅಮೆರಿಕಕ್ಕಾದರೆ ಪುಣೆಯವರು ಸಂದರ್ಶನಕ್ಕೆ ಮುಂಬೈವರೆಗೆ ಓಡಬೇಕು. ಪ್ಯಾರಿಸ್ಸಿನ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೆ ಲೈವ್ ಶುರುಮಾಡಿದರೆ ಇಲ್ಲಿ ರಾತ್ರಿ ಎಂಟು, ಮಂದಿ ಊಟಕ್ಕೆ ಕೂತ ಹೊತ್ತು ಎಂದೆಲ್ಲ ಲೆಕ್ಕ ಹಾಕಿಟ್ಟವರಿಗೆ ವೀಸಾ ಒಂದು ತಿಂಗಳು ತಡವಾದರೆ ಚಾನೆಲ್ಲೇ ಮಂಕಾಗುತ್ತದೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಪ್ರವಾಸಿ ವೀಸಾದಲ್ಲೇ, ಹೊರದೇಶದ ಪ್ರೇಕ್ಷಕರಿಂದ ಆದಾಯ ಬರುವ ವಿಡಿಯೊ ಮಾಡಬಹುದು, ಇಲ್ಲಿನ ಅಂಗಡಿ ಹೋಟೆಲುಗಳಿಂದ ಹಣ ಪಡೆದು ಜಾಹೀರಾತು ಮಾಡುವಂತಿಲ್ಲ ಎಂದು ಸರ್ಕಾರ ಬರೆದುಬಿಡಲಿ. ನ್ಯೂಜಿಲೆಂಡ್ 2025ರ ಜನವರಿ 27ರಿಂದ ಹೆಚ್ಚುಕಡಿಮೆ ಇದನ್ನೇ ಮಾಡಿದೆ: ಹೊರದೇಶದ ಗಳಿಕೆಯ ಕೆಲಸವನ್ನು ಪ್ರವಾಸಿಗಳು ಮಾಡಬಹುದು, ಇನ್‌ಫ್ಲುಯೆನ್ಸರ್‌ಗಳಿಗೂ ಅಡ್ಡಿಯಿಲ್ಲ. ಥಾಯ್ಲೆಂಡ್ 2024ರಲ್ಲಿ ದೂರದಿಂದ ದುಡಿಯುವವರಿಗೆಂದೇ 5 ವರ್ಷದ ವೀಸಾ ತಂದಿತು. ನಾವು ಗೆರೆ ಎಳೆದರೆ ನಮ್ಮವರ ಪರವಾಗಿ ಬೇರೆ ದೇಶಗಳ ಮುಂದೆ ಕೇಳಲು ಬಾಯಿಯಾದರೂ ಇರುತ್ತದೆ. ತೆರಿಗೆಯ ಪ್ರಶ್ನೆಯೂ ಬರುತ್ತದೆ. ಅದಕ್ಕೆ 182 ದಿನದ ಲೆಕ್ಕ, ದೇಶದೇಶಗಳ ಒಪ್ಪಂದ ಈಗಾಗಲೇ ಇವೆ, ವೀಸಾ ಅಧಿಕಾರಿಗೆ ಆ ಭಾರ ಬೇಡ.

ಭದ್ರತೆಯ ಆಕ್ಷೇಪ ಮಾತ್ರ ತಳ್ಳಿಹಾಕುವಂಥದ್ದಲ್ಲ, ಅದರಲ್ಲೂ ಪುಣೆಯಲ್ಲಿ. ಸೇನೆಯ ದಕ್ಷಿಣ ಕಮಾಂಡ್ ಇಲ್ಲಿದೆ, ಖಡಕವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಇದೆ, ನಾಗರಿಕ ವಿಮಾನ ಇಳಿಯುವ ಲೋಹಗಾಂವ್ ಕೂಡ ವಾಯುಪಡೆಯ ನೆಲೆಯೇ. ಆದರೆ ಅಲ್ಲಿ ಚಿತ್ರ ತೆಗೆಯಬಾರದೆಂಬ ನಿಯಮ ಪ್ರತಿ ಮೊಬೈಲಿಗೂ ಅನ್ವಯ, ವೀಸಾದ ಜಾತಿ ನೋಡಿಕೊಂಡಲ್ಲ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಹೋಟೆಲಿನವರು ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸುತ್ತಾರೆ. ಯಾರು ಎಲ್ಲಿ ಮಲಗಿದ್ದಾರೆಂದು ಸರ್ಕಾರಕ್ಕೆ ಗೊತ್ತು. ಚಾನೆಲ್ಲಿನ ಹೆಸರನ್ನೂ ವೀಸಾ ಅರ್ಜಿಯಲ್ಲೇ ಕೇಳಿಬಿಟ್ಟರೆ ಇನ್ನಷ್ಟು ಗೊತ್ತಾಗುತ್ತದೆ. ಈಗಿನ ಮಬ್ಬಿನಲ್ಲಿ ಕಸುಬನ್ನು ಮುಚ್ಚಿಡುವವನಿಗೇ ಲಾಭ. ಜಾನಿ ಸೊಮಾಲಿಯಂಥ ಪುಂಡ ಲೈವ್‌ಸ್ಟ್ರೀಮರ್‌ಗಳು ಬಂದರೆ ಗತಿ ಏನು ಎಂದೂ ಕೇಳುತ್ತಾರೆ. ಆತನಿಗೆ ಜಪಾನ್ 2 ಲಕ್ಷ ಯೆನ್ ದಂಡ ಹಾಕಿತು, ದಕ್ಷಿಣ ಕೊರಿಯಾ ದೇಶ ಬಿಡದಂತೆ ತಡೆದು ಮೊಕದ್ದಮೆ ಹೂಡಿತು. ಎರಡೂ ಕಡೆ ಕೆಲಸಕ್ಕೆ ಬಂದದ್ದು ಸಾಮಾನ್ಯ ಅಪರಾಧ ಕಾನೂನು. ಅದು ನಮ್ಮಲ್ಲೂ ಇದೆ. ಇಲ್ಲದಿರುವುದು ಪೊಲೀಸ್ ಠಾಣೆಗಳಿಗೆ ಹೋಗಬೇಕಾದ ಒಂದು ಸುತ್ತೋಲೆ: ಕಿರುಕುಳದ ದೂರು ತಂದ ವಿದೇಶಿಯ ಎಫ್‌ಐಆರ್ ಮೊದಲು ಬರೆದುಕೊಳ್ಳಿ, ವೀಸಾದ ವಿಚಾರಣೆ ಏನಿದ್ದರೂ ಬೇರೆ ಮೇಜಿನಲ್ಲಿ, ಬೇರೆ ದಿನ.